ಅರ್ಧ ಹೇಳಿದ ಪಾಠ: ನೀರು, ಸೀಸ ಮತ್ತು ಸುಣ್ಣಕಲ್ಲು

ನನ್ನ ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕಿದರೂ, ಎಷ್ಟು ವರ್ಷಗಳ ಮೇಲೆ ಸಿಕ್ಕಿದರೂ, ಜ್ಞಾಪಿಸಿಕೊಂಡು ನಗುವ ಪಾಠವೊಂದಿದೆ. ಅದು ‘ಗಡಸು ನೀರು, ಮೆದು ನೀರು’ ಎಂಬ ಪಾಠ. ಶಾಲೆಯ ಕೊಳವೆಬಾವಿಯ ನೀರನ್ನು ಒಂದು ಗಾಜಿನ ಲೋಟದಲ್ಲಿಯೂ, ಹಿಡಿದಿಟ್ಟ ಮಳೆಯ ನೀರನ್ನು ಇನ್ನೊಂದರಲ್ಲಿಯೂ ಇಟ್ಟು, ಎರಡಕ್ಕೂ ಸಮನಾಗಿ ಸಾಬೂನಿನ ಚೂರು ಹಾಕಿ ಕಲಕಿ ತೋರಿಸುತ್ತಿದ್ದೆ. ಮೊದಲನೆಯದರಲ್ಲಿ ಹಾಲು ಒಡೆದಂತೆ ಬಿಳಿಯ ಗಷ್ಟು. ಎರಡನೆಯದರಲ್ಲಿ ಲೋಟದ ಅಂಚು ಮೀರಿ ಉಕ್ಕುವ ನೊರೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಾನು ಕರಿಹಲಗೆಯತ್ತ ತಿರುಗಿ ‘ಗಡಸು ನೀರು ದೋಷಯುಕ್ತ, ಮೆದು ನೀರು ಉತ್ತಮ’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಮೂವತ್ತಕ್ಕೂ ಹೆಚ್ಚು ವರ್ಷ ಹಾಗೆಯೇ ಬರೆದೆ. ಹಾಗೆಯೇ ಗೆರೆ ಎಳೆದೆ.

ಆ ವಾಕ್ಯ ಸುಳ್ಳಲ್ಲ. ಬಟ್ಟೆ ಒಗೆಯುವವರಿಗೆ ಅದು ನಿಜ. ಆದರೆ ಕುಡಿಯುವವರಿಗೆ ಅದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ನಾನು ನಿಮಗೆ ಹೇಳಲಿಲ್ಲ. ಹೇಳಲಿಲ್ಲವೆನ್ನುವುದಕ್ಕಿಂತ, ಕೇಳಿದವನನ್ನು ಸುಮ್ಮನೆ ಕೂರಿಸಿದೆ ಎಂಬುದು ಹೆಚ್ಚು ಸರಿ. ಈ ಬರಹ ಆ ಸಾಲವನ್ನು ತೀರಿಸುವ ಪ್ರಯತ್ನ.

ನನ್ನ ಬಾಲ್ಯ ಕಳೆದದ್ದು ಸಾಗರದ ಕಡೆಯ ಮಲೆನಾಡಿನ ಒಂದು ಒಂಟಿ ಮನೆಯಲ್ಲಿ ಎಂಬುದು ನಮ್ಮ ಬಂಧುಗಳಿಗೆಲ್ಲ ತಿಳಿದದ್ದೇ. ಮನೆಯ ಹಿಂದಿನ ಗುಡ್ಡದಿಂದ ಇಳಿದು ಬರುವ ಅಬ್ಬಿಯ ನೀರೇ ನಮಗೆ ಕುಡಿಯಲೂ ಬಳಸಲೂ ಆಧಾರ. ಅಡಿಕೆಯ ಮರವನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು ಮಾಡಿದ ದಬ್ಬೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನಿಟ್ಟು ಸಾಲಾಗಿ ಜೋಡಿಸಿ ನೀರನ್ನು ಬಚ್ಚಲ ತನಕ ತರುತ್ತಿದ್ದರು. ಮೂರು ನಾಲ್ಕು ಮಳೆಗಾಲಕ್ಕೆ ದಬ್ಬೆ ಕೊಳೆಯುತ್ತಿತ್ತು, ಹೊಸದನ್ನು ಹಾಕುತ್ತಿದ್ದರು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ತಂದೆಯವರು ಸಾಲ ಮಾಡಿ ಸತು ಲೇಪಿಸಿದ ಕಬ್ಬಿಣದ ಕೊಳವೆ ಹಾಕಿಸಿದರು. ಊರಿಗೆಲ್ಲ ಅದೊಂದು ಸುದ್ದಿ. ಅಂಗಡಿಯವನು ‘ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ’ ಎಂದಿದ್ದನಂತೆ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅದರ ಮೈತುಂಬ ಸೂಜಿಮೊನೆಯಷ್ಟು ತೂತುಗಳಾಗಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಸುತ್ತಿ ಸುತ್ತಿ ಅದು ಗಾಯಾಳುವಿನ ಕಾಲಿನಂತೆ ಕಾಣುತ್ತಿತ್ತು. ಹಿತ್ತಾಳೆಯ ನಲ್ಲಿಯ ಕೆಳಗಿನ ಕಲ್ಲಿನ ಮೇಲೆ ನವಿಲುಗರಿಯಂಥ ನೀಲಿಹಸಿರು ಕಲೆ. ಅಜ್ಜಿ ಅಂದ ಮಾತು ಇಂದಿಗೂ ಕಿವಿಯಲ್ಲಿದೆ: “ದಬ್ಬೆ ಕೊಳೆತರೆ ಕಣ್ಣಿಗೆ ಕಾಣುತ್ತದೆ. ಕೊಳವೆ ಕೊಳೆತರೆ ನಾಲಗೆಗೇ ತಿಳಿಯಬೇಕು.”

ಬಿ.ಎಡ್. ಮುಗಿಸಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಬಯಲುಸೀಮೆಯಲ್ಲಿ, ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿನ ನೀರಿನ ಸ್ವಭಾವವೇ ಬೇರೆ. ತವರಿನಿಂದ ಬಂದ ತಾಮ್ರದ ಹಂಡೆಯ ಒಳಮೈಗೆ ಒಂದೇ ವರ್ಷದಲ್ಲಿ ಬಿಳಿಯ ಹಕ್ಕಳೆ ಕಟ್ಟಿತೆಂದು ನನ್ನ ಪತ್ನಿ ಹುಣಿಸೆಹಣ್ಣು ಹಾಕಿ ತಿಕ್ಕಿ ಸೋತಳು. ಹೀಗೆ ಎರಡು ಬಗೆಯ ನೀರನ್ನೂ ಕುಡಿದು ಬೆಳೆದವನು ನಾನು. ಆದರೂ ಎರಡನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ. ಬಂದದ್ದು ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ.

1989ರ ಸುಮಾರಿನಲ್ಲಿರಬೇಕು. ಸಾಬೂನಿನ ಪ್ರಯೋಗ ಮುಗಿದು, ನಾನು ಗೆರೆ ಎಳೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಅವನು ಎದ್ದು ನಿಂತ. “ಸಾರ್, ಗಡಸು ನೀರು ಹಂಡೆಯ ಒಳಗೆ ಸುಣ್ಣದ ಅಂಗಿ ತೊಡಿಸುತ್ತದೆ. ಮೆದು ನೀರಿನಲ್ಲಿ ಹಂಡೆಯನ್ನು ಕಾಯುವವರು ಯಾರು?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. “ಪರೀಕ್ಷೆಗೆ ಬರುವುದನ್ನು ಕೇಳು, ಕುಳಿತುಕೋ” ಎಂದೆ. ಅವನು ಕುಳಿತುಕೊಂಡ. ತೂತುಬಿದ್ದ ಕೊಳವೆಯ ಮನೆಯಿಂದ ಬಂದ ನಾನೇ ಹಾಗೆಂದೆ!

ಇಪ್ಪತ್ತಾರು ಇಪ್ಪತ್ತೇಳು ವರ್ಷಗಳ ನಂತರ, 2016ರ ಫೆಬ್ರವರಿಯ ಒಂದು ಬೆಳಗ್ಗೆ, ಅದೇ ಹುಡುಗನಿಂದ ದೂರವಾಣಿ ಬಂದಿತು. ಈಗ ಅವನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಂಜಿನಿಯರು. ಭಾನುವಾರಗಳಂದು ಗೆಳೆಯರೊಡನೆ ಪಕ್ಕದ ಫ್ಲಿಂಟ್ ನಗರಕ್ಕೆ ಹೋಗಿ ಮನೆಮನೆಗೆ ಕುಡಿಯುವ ನೀರಿನ ಬಾಟಲಿ ಹಂಚುತ್ತಿರುವುದಾಗಿ ತಿಳಿಸಿದ. “ಸಾರ್, ಇಲ್ಲಿ ನದಿಯ ನೀರು ಕೊಳವೆಯನ್ನು ತಿಂದಿದೆ, ಮಕ್ಕಳು ಕೊಳವೆಯನ್ನು ಕುಡಿದಿದ್ದಾರೆ. ಅವತ್ತು ಕೂರಿಸಿದಿರಲ್ಲ, ಉತ್ತರ ಸಿಕ್ಕಿತೇ?” ಎಂದು ನಕ್ಕ. ಅವನ ನಗೆಯಲ್ಲಿ ಕಹಿಯಿರಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ಅಂದಿನಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಅವನ ಪ್ರಶ್ನೆಗೆ ಉತ್ತರ. ಮಳೆಯ ನೀರು ಗಾಳಿಯಿಂದಲೂ, ಕೊಳೆತ ಎಲೆಗಳಿರುವ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ದುರ್ಬಲವಾದ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲಿನ ಪ್ರದೇಶದಲ್ಲಿ ಹರಿದರೆ ಆ ಆಮ್ಲ ಕಲ್ಲನ್ನು ಕರಗಿಸುವುದರಲ್ಲಿಯೇ ಖರ್ಚಾಗಿಬಿಡುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟು ಸೇರುತ್ತದೆ. ಗ್ರಾನೈಟು, ಜಂಬಿಟ್ಟಿಗೆ ಅಥವಾ ಜೌಗು ಭೂಮಿಯ ಮೇಲೆ ಹರಿದರೆ ಕರಗಿಸಲು ಸುಣ್ಣವಿಲ್ಲ; ನೀರು ಹಸಿದೇ ಇರುತ್ತದೆ. ಹಸಿದ ನೀರು ಕೊಳವೆಯನ್ನು ಹೊಕ್ಕರೆ ಕಬ್ಬಿಣ, ತಾಮ್ರ, ಸತು, ಸೀಸ ಯಾವುದು ಸಿಕ್ಕಿದರೆ ಅದನ್ನು ತಿನ್ನುತ್ತದೆ. ಸುಣ್ಣವುಂಡು ತೃಪ್ತವಾದ ನೀರಾದರೋ ಕೊಳವೆಯ ಒಳಗೋಡೆಗೆ ತೆಳುವಾದ ಕಾರ್ಬೊನೇಟಿನ ಪದರವನ್ನು ಬಳಿದು ಅದನ್ನು ಕಾಯುತ್ತದೆ. ನಮ್ಮ ಹಂಡೆಗೆ ಶತ್ರುವೆಂದು ನಾವು ತಿಕ್ಕುತ್ತಿದ್ದ ಆ ಹಕ್ಕಳೆ ಕೊಳವೆಯೊಳಗೆ ಕಾವಲುಗಾರ.

ಈ ವಿಷಯದ ಚರಿತ್ರೆ ಬಹಳ ಹಳೆಯದು. ಸೀಸದ ರಾಸಾಯನಿಕ ಸಂಕೇತವನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಅದರ ಲ್ಯಾಟಿನ್ ಹೆಸರು ಪ್ಲಂಬಮ್. ನಲ್ಲಿ ರಿಪೇರಿ ಮಾಡುವವನನ್ನು ಪ್ಲಂಬರ್ ಎಂದು ಕರೆಯುವುದು ಇದರಿಂದಲೇ. ಸುಲಭವಾಗಿ ಬಾಗುವ, ತುಕ್ಕು ಹಿಡಿಯದ ಸೀಸವನ್ನು ರೋಮನ್ನರು ಕೊಳವೆಗಳಿಗೆ ಬಳಸಿದರು. ಅವರ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದ ಎಂಟನೆಯ ಭಾಗದಲ್ಲಿ, ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಆರೋಗ್ಯಕರವೆಂದು ತಿಳಿಸಿ, ಸೀಸದ ಕೆಲಸಗಾರರ ಬಿಳಿಚಿದ ಮೈಬಣ್ಣವನ್ನು ಸಾಕ್ಷಿಯಾಗಿ ಕೊಟ್ಟಿದ್ದಾನೆ. ರೋಮಿನ ಹಲವು ಮೇಲುಗಾಲುವೆಗಳ ನೀರು ಸುಣ್ಣದ ನಾಡಿನಿಂದ ಬರುತ್ತಿದ್ದುದರಿಂದ ಕಾಲುವೆಗಳಲ್ಲಿಯೂ ಕೊಳವೆಗಳಲ್ಲಿಯೂ ಕಲ್ಲಿನಂಥ ಪದರ ಕಟ್ಟಿತು. ಅವರಿಗೇ ತಿಳಿಯದಂತೆ ಸುಣ್ಣವು ಅವರನ್ನು ಒಂದಿಷ್ಟಾದರೂ ಕಾಪಾಡಿತು.

ಇಲ್ಲಿ ಒಂದು ಮಾತು. ನಮ್ಮ ಸುಶ್ರುತ ಸಂಹಿತೆಯಲ್ಲಿ ಕಲಕಿದ ನೀರನ್ನು ತಿಳಿಯಾಗಿಸುವ ಏಳು ವಸ್ತುಗಳ ಪಟ್ಟಿಯಿದೆ; ಅದರಲ್ಲಿ ಕತಕ ಬೀಜ, ಗೋಮೇದಕ, ಬಟ್ಟೆ, ಮುತ್ತು ಮೊದಲಾದವು ಬರುತ್ತವೆ. ಮುತ್ತು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟೇ ತಾನೆ ಎಂದು ಹಿಡಿದುಕೊಂಡು, ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎನ್ನುವವರಿದ್ದಾರೆ. ಸುಶ್ರುತನು ಹೇಳಿದ್ದು ಕೆಸರಿನ ಮಾತು, ಕೊರೆತದ ಮಾತಲ್ಲ. ಅವನಿಗೆ ಸಲ್ಲುವ ಗೌರವ ಅವನು ಹೇಳಿದ್ದಕ್ಕೇ ಸಾಕಷ್ಟಿದೆ. ಹೇಳದಿದ್ದುದನ್ನು ಅವನ ಬಾಯಲ್ಲಿ ತುರುಕಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿಷಯ ವಿಜ್ಞಾನದ ಕೈಗೆ ಬಂದಿತು. ಎಡಿನ್‌ಬರೋದ ವೈದ್ಯ ರಾಬರ್ಟ್ ಕ್ರಿಸ್ಟಿಸನ್ 1829ರಲ್ಲಿ ಪ್ರಕಟಿಸಿದ ವಿಷಗಳ ಕುರಿತ ಗ್ರಂಥದಲ್ಲಿ ತನ್ನ ಪ್ರಯೋಗಗಳನ್ನು ವಿವರಿಸಿದ್ದಾನೆ. ಸೀಸದ ತುಂಡುಗಳನ್ನು ಬಟ್ಟಿ ಇಳಿಸಿದ ಶುದ್ಧ ಜಲದಲ್ಲಿ ಇಟ್ಟರೆ ಅದು ಸೀಸವನ್ನು ಬೇಗ ಕೊರೆಯುತ್ತದೆ. ನೀರಿನಲ್ಲಿ ಕೆಲವು ಲವಣಗಳು ಸ್ವಲ್ಪವಿದ್ದರೂ ಸೀಸ ಉಳಿಯುತ್ತದೆ. ಹಾಗೆ ಕಾಯುವುದರಲ್ಲಿ ಫಾಸ್ಫೇಟಿನಂಥ ಲವಣಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಸಮರ್ಥ ಎಂದು ಅವನು ಕಂಡುಕೊಂಡ. ಫಾಸ್ಫೇಟಿನ ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದರ ಅಗತ್ಯ ಬೀಳುತ್ತದೆ.

ಶುದ್ಧ ನೀರೇ ವಿಷವಾಗಬಲ್ಲದೆಂಬುದಕ್ಕೆ ರಾಜಮನೆತನವೊಂದೇ ಸಾಕ್ಷಿಯಾಯಿತು. 1848ರ ಕ್ರಾಂತಿಯಲ್ಲಿ ಸಿಂಹಾಸನ ಕಳೆದುಕೊಂಡ ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಪರಿವಾರದೊಡನೆ ಇಂಗ್ಲೆಂಡಿನ ಕ್ಲೇರ್‌ಮಾಂಟ್ ಬಂಗಲೆಯಲ್ಲಿ ಆಶ್ರಯ ಪಡೆದನು. ಕೆಲವೇ ತಿಂಗಳುಗಳಲ್ಲಿ ಅಲ್ಲಿದ್ದವರ ಪೈಕಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ತಡೆಯಲಾರದ ಹೊಟ್ಟೆನೋವು ಬಂದಿತು. ವೈದ್ಯ ಗೆನೊ ದ ಮ್ಯುಸಿ ಪರೀಕ್ಷಿಸಿ ನೋಡಿದಾಗ ಕಾರಣ ಅಡುಗೆಮನೆಯಲ್ಲಿರಲಿಲ್ಲ, ನೀರಿನಲ್ಲಿತ್ತು. ಹರಳಿನಷ್ಟು ತಿಳಿಯಾದ, ಎಲ್ಲರೂ ಹೊಗಳುತ್ತಿದ್ದ ಚಿಲುಮೆಯ ನೀರು ಸೀಸದ ಕೊಳವೆಯ ಮೂಲಕ ಬರುತ್ತಿತ್ತು.

ಅರಮನೆಗೆ ಬಂದದ್ದು ಗುಡಿಸಲಿಗೂ ಬಂದಿತು, ಇನ್ನೂ ಘೋರವಾಗಿ. ಇಂಗ್ಲೆಂಡಿನ ಷೆಫೀಲ್ಡ್ ಚಾಕು ಚೂರಿಗಳಿಗೆ ಹೆಸರಾದ ಉಕ್ಕಿನ ನಗರ. ಅದರ ಪಶ್ಚಿಮಕ್ಕೆ ಕಪ್ಪು ಜೌಗು ಮಣ್ಣಿನ ಎತ್ತರದ ಬಯಲುಗಳಿವೆ. ಅಲ್ಲಿಂದ ಹುಟ್ಟುವ ತೊರೆಗಳಿಗೆ ಕಟ್ಟೆ ಕಟ್ಟಿ ನಗರಕ್ಕೆ ನೀರು ತಂದಿದ್ದರು. ಸಾವಿರಾರು ವರ್ಷಗಳ ಪಾಚಿ ಕೊಳೆತು ಉಂಟಾದ ಆ ಮಣ್ಣು ನೀರಿಗೆ ಆಮ್ಲವನ್ನು ಕೊಡುತ್ತದೆ. ಕೆಳಗಿನ ಮರಳುಕಲ್ಲು ಅದನ್ನು ತಣಿಸಲಾರದು. 1880ರ ದಶಕದಲ್ಲಿ ನಗರದ ಸಾಮಾನ್ಯ ಜನರಲ್ಲಿ, ಸೀಸದ ಕೆಲಸ ಮಾಡದವರಲ್ಲಿಯೂ, ಸೀಸದ ವಿಷದ ಲಕ್ಷಣಗಳು ಕಾಣಿಸಿಕೊಂಡವು: ಹೊಟ್ಟೆ ಹಿಂಡುವ ನೋವು, ಒಸಡಿನ ಅಂಚಿನಲ್ಲಿ ನೀಲಿ ಗೆರೆ, ಮೇಲೆತ್ತಲಾರದೆ ಜೋತು ಬೀಳುವ ಮಣಿಕಟ್ಟು. ನಗರದ ಆರೋಗ್ಯಾಧಿಕಾರಿ ಸಿಂಕ್ಲೇರ್ ವೈಟ್ ಈ ಸಂಗತಿಯನ್ನು ಬೆನ್ನಟ್ಟಿದರು. ನಗರದ ಎಲ್ಲ ಭಾಗದಲ್ಲಿಯೂ ರೋಗ ಒಂದೇ ತೆರನಾಗಿರಲಿಲ್ಲ. ಎತ್ತರದ ಜಲಾಶಯಗಳ ಆಮ್ಲೀಯ ನೀರು ಹೋಗುವ ಕಡೆಯೇ ಅದು ಹೆಚ್ಚಾಗಿತ್ತು.

ಪರಿಹಾರ ಏನು? ನಗರದ ಸೀಸದ ಕೊಳವೆಗಳನ್ನೆಲ್ಲ ಅಗೆದು ತೆಗೆಯುವುದು ಅಂದಿನವರ ಕೈಲಾಗುವಂತಿರಲಿಲ್ಲ. ಆದ್ದರಿಂದ ಪ್ರಕೃತಿಯು ಮಾಡದೆ ಬಿಟ್ಟ ಕೆಲಸವನ್ನು ಮನುಷ್ಯನು ಮಾಡಿದನು. ಸುಣ್ಣಕಲ್ಲಿಲ್ಲದ ನಾಡಿನ ನೀರಿಗೆ ಬೇರೆಡೆಯ ಸುಣ್ಣಕಲ್ಲನ್ನು ತಂದು ಉಣ್ಣಿಸುವುದು! ಷೆಫೀಲ್ಡಿನಲ್ಲಿ ಆ ಶತಮಾನ ಮುಗಿಯುವ ಮುನ್ನವೇ ನೀರಿಗೆ ಸೀಮೆಸುಣ್ಣದ ಕಲ್ಲನ್ನು, ಅಂದರೆ ಚಾಕನ್ನು, ಪುಡಿಮಾಡಿ ಬೆರೆಸತೊಡಗಿದರು. ಅದು ಇಂಗ್ಲೆಂಡಿನ ದಕ್ಷಿಣದ ಬಿಳಿಯ ಗುಡ್ಡಗಳಲ್ಲಿ ಸಿಗುವ, ಕಣ್ಣಿಗೆ ಕಾಣದಷ್ಟು ಸಣ್ಣ ಸಮುದ್ರಜೀವಿಗಳ ಕವಚಗಳಿಂದಾದ ಮೃದುವಾದ ಸುಣ್ಣಕಲ್ಲು. (ಈಗ ಶಾಲೆಗಳಲ್ಲಿ ಬಳಸುವ ಬಳಪ ಹೆಚ್ಚಾಗಿ ಜಿಪ್ಸಮ್ಮಿನದು, ಹೆಸರು ಮಾತ್ರ ಹಳೆಯದು.) ಇದನ್ನು ಓದಿದ ದಿನ ನನಗೆ ನನ್ನ ಬಲಗೈಯ ಬೆರಳುಗಳ ನೆನಪಾಯಿತು. ಆ ಹುಡುಗನ ಪ್ರಶ್ನೆಗೆ ಉತ್ತರದ ಹೆಸರನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಅವನನ್ನು ಕೂರಿಸಿದ್ದೆ.

ಇದೇ ಕಾಲದಲ್ಲಿ ಜರ್ಮನಿಯ ಮುಲ್ಡೆ ನದಿಯ ತೀರದ ಡೆಸೌ ನಗರವೂ ಇದೇ ಕಷ್ಟಕ್ಕೆ ಸಿಕ್ಕಿತ್ತು. ಅಲ್ಲಿ ನೀರಿನ ಸೀಸಕೊರೆತದ ಕಾರಣವನ್ನು ಶೋಧಿಸಿದ ಹೈಯರ್ ಎಂಬ ರಸಾಯನಶಾಸ್ತ್ರಜ್ಞನ ಗ್ರಂಥ 1888ರಲ್ಲಿ ಪ್ರಕಟವಾಯಿತು. ಅಮೃತಶಿಲೆಯ ಪುಡಿಯನ್ನು ನೀರಿನಲ್ಲಿ ಹಾಕಿಟ್ಟು ಎಷ್ಟು ಕರಗುತ್ತದೆಂದು ಅಳೆದರೆ ನೀರಿನ ಹಸಿವೆ ಎಷ್ಟೆಂದು ತಿಳಿಯುತ್ತದೆ. ಈ ಪರೀಕ್ಷೆ ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ನಮ್ಮ ಅಡುಗೆಯವರು ಅನ್ನದ ಒಂದು ಅಗುಳು ಹಿಚುಕಿ ನೋಡುವಷ್ಟೇ ಸರಳ. ಮುಂದೆ ಟಿಲ್‌ಮನ್ಸ್ 1912ರಲ್ಲಿ ಇಂಗಾಲಾಮ್ಲಕ್ಕೂ ಸುಣ್ಣಕ್ಕೂ ಇರುವ ಸಮತೋಲವನ್ನು ನಕ್ಷೆಯಾಗಿ ಬರೆದನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಂಜಲಿಯರ್ 1936ರಲ್ಲಿ ಅದನ್ನು ಸೂಚ್ಯಂಕವನ್ನಾಗಿ ಮಾಡಿದನು. ಸೂಚ್ಯಂಕ ಋಣವಾದರೆ ನೀರು ಸುಣ್ಣವನ್ನು ಕರಗಿಸುತ್ತದೆ, ಧನವಾದರೆ ಸುಣ್ಣವನ್ನು ಬಿಡುತ್ತದೆ.

ಸುಣ್ಣಕಲ್ಲಿನ ಜಲ್ಲಿಯನ್ನು ತೊಟ್ಟಿಯಲ್ಲಿ ತುಂಬಿ ಅದರ ಮೂಲಕ ನೀರು ಹಾಯಿಸುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ಗ್ರಾನೈಟಿನ ನಾಡಾದ ನಾರ್ವೆಯಲ್ಲಿ ಅಮೃತಶಿಲೆಯ ಜಲ್ಲಿಯನ್ನು ಬಳಸುತ್ತಾರೆ. ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ನೀರು ಬಹಳ ಹಸಿದದ್ದಾದ್ದರಿಂದ ಅಂಥ ಅನೇಕ ಸ್ಥಾವರಗಳಲ್ಲಿಯೂ ಕೊನೆಯ ಹಂತದಲ್ಲಿ ಸುಣ್ಣಕಲ್ಲಿನ ಹಾಸು ಇರುತ್ತದೆ. ಈ ಕ್ರಮದ ಸೊಗಸೆಂದರೆ, ನೀರು ತನಗೆ ಬೇಕಾದಷ್ಟನ್ನೇ ಕರಗಿಸಿಕೊಂಡು ತೃಪ್ತಿಯಾದೊಡನೆ ತಾನಾಗಿ ನಿಲ್ಲುತ್ತದೆ. ಸುಟ್ಟ ಸುಣ್ಣವಾದರೆ ಕೈತಪ್ಪಿ ಹೆಚ್ಚು ಬಿದ್ದರೆ ನೀರು ಕ್ಷಾರವಾಗಿಬಿಡುತ್ತದೆ. ಕಲ್ಲಿಗೆ ಆ ದೋಷವಿಲ್ಲ. ನಿಮಗೊಂದು ಲೆಕ್ಕ ಕೊಡದಿದ್ದರೆ ನಾನು ಮೇಷ್ಟ್ರೇ ಅಲ್ಲ: 44 ಗ್ರಾಂ ಇಂಗಾಲದ ಡೈ ಆಕ್ಸೈಡಿಗೆ 100 ಗ್ರಾಂ ಸುಣ್ಣಕಲ್ಲು ಬೇಕು. ಒಂದು ಲೀಟರ್ ನೀರಿನಲ್ಲಿರುವ 11 ಮಿಲಿಗ್ರಾಂ ಅನಿಲವನ್ನು ತಣಿಸಬೇಕಾದರೆ 25 ಮಿಲಿಗ್ರಾಂ ಕಲ್ಲು. ಹತ್ತು ಲಕ್ಷ ಲೀಟರಿಗೆ 25 ಕಿಲೋಗ್ರಾಂ. ಒಂದು ಸಣ್ಣ ಊರಿನ ದಿನದ ನೀರಿಗೆ ಅರ್ಧ ಮೂಟೆ ಕಲ್ಲು!

ಆದರೆ ಉಪಾಯ ತಿಳಿದಿದ್ದರೂ ಅದನ್ನು ಎಲ್ಲರೂ ಕೈಗೊಳ್ಳಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಕ್ಯಾಟ್ರಿನ್ ಸರೋವರದ ನೀರನ್ನು ತರುವ ಮಸೂದೆ 1854ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದಾಗಲೇ, ಈ ಮೆದು ನೀರು ಸೀಸವನ್ನು ಕರಗಿಸುವುದೆಂಬ ಎಚ್ಚರಿಕೆ ಕೇಳಿಬಂದಿತ್ತು. ಆ ವರ್ಷ ಮಸೂದೆ ಬಿದ್ದುಹೋಗಿ ಮರುವರ್ಷ ಅಂಗೀಕಾರವಾಯಿತು. 1859ರ ಅಕ್ಟೋಬರಿನಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ತೂಬು ತೆರೆದಳು. ಕಾಲರಾದಂಥ ರೋಗಗಳನ್ನು ದೂರವಿಡಲು ಆ ನೀರು ನೆರವಾಯಿತು. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ನಗರದ ಹಳೆಯ ಮನೆಗಳಲ್ಲಿ ಸೀಸದ ಕೊಳವೆ, ಸೀಸದ ತೊಟ್ಟಿ. ನೂರಕ್ಕೂ ಹೆಚ್ಚು ವರ್ಷಗಳ ಕಾಲ ನೀರು ಅವನ್ನು ಮೆಲ್ಲಮೆಲ್ಲನೆ ಕರಗಿಸಿತು. 1970ರ ದಶಕದಲ್ಲಿ ತಾಯಂದಿರ ಮತ್ತು ಮಕ್ಕಳ ರಕ್ತದಲ್ಲಿ ಸೀಸವನ್ನು ಅಳೆದ ಮೇಲೆ ಕಣ್ಣು ತೆರೆಯಿತು. 1978ರಲ್ಲಿ ನೀರಿಗೆ ಸುಣ್ಣ ಬೆರೆಸಿ, ಸುಮಾರು 6.3 ಇದ್ದ ಅದರ ಪಿ.ಹೆಚ್. ಮೌಲ್ಯವನ್ನು 7.8ಕ್ಕೆ ಏರಿಸಿದರು, ಬಳಿಕ ಇನ್ನೂ ಹೆಚ್ಚಿಸಿದರು. ಗರ್ಭಿಣಿಯರ ರಕ್ತದಲ್ಲಿ ಸೀಸದ ಪ್ರಮಾಣ ಇಳಿಯಿತು. 1989ರಲ್ಲಿ ಫಾಸ್ಫೇಟನ್ನೂ ಸೇರಿಸಿದರು. ಎಚ್ಚರಿಕೆ ಕೇಳಿದ್ದು 1854ರಲ್ಲಿ, ಔಷಧ ಸಿಕ್ಕಿದ್ದು 1978ರಲ್ಲಿ. ನಡುವೆ ನೂರ ಇಪ್ಪತ್ತನಾಲ್ಕು ವರ್ಷ.

ಇನ್ನು ಫ್ಲಿಂಟ್. ಮೋಟಾರು ಉದ್ಯಮದಿಂದ ಬೆಳೆದು, ಆ ಉದ್ಯಮ ಕುಗ್ಗಿದಾಗ ಬಡವಾದ, 2014ರಲ್ಲಿ ಸುಮಾರು ಒಂದು ಲಕ್ಷ ಜನಸಂಖ್ಯೆಯಿದ್ದ ನಗರ ಅದು. 1967ರಿಂದ ಡೆಟ್ರಾಯಿಟ್ ನಗರದ ಮೂಲಕ ಹ್ಯೂರನ್ ಸರೋವರದ ನೀರನ್ನು ಕೊಳ್ಳುತ್ತಿತ್ತು. ಆ ನೀರಿಗೆ ಫಾಸ್ಫೇಟನ್ನು ಬೆರೆಸುತ್ತಿದ್ದುದರಿಂದ ಕೊಳವೆಗಳೊಳಗೆ ಕಾವಲು ಪದರವಿತ್ತು. ಖರ್ಚು ಉಳಿಸಬೇಕೆಂದು, ರಾಜ್ಯ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕಾಲದಲ್ಲಿ, 2014ರ ಏಪ್ರಿಲ್ 25ರಂದು ಊರಿನ ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿದರು. ಫಾಸ್ಫೇಟನ್ನು ಸೇರಿಸಲಿಲ್ಲ. ಅದಕ್ಕೆ ದಿನಕ್ಕೆ ಸುಮಾರು ನೂರು ಡಾಲರು ಸಾಕಾಗುತ್ತಿತ್ತೆಂದು ಆಮೇಲೆ ಅಂದಾಜು ಮಾಡಲಾಯಿತು.

ಇಲ್ಲಿ ನನ್ನ ಪಾಠ ಇನ್ನೊಮ್ಮೆ ತಲೆಕೆಳಗಾಗುತ್ತದೆ. ಫ್ಲಿಂಟ್ ನದಿಯ ನೀರು ಮೆದುವಲ್ಲ, ಗಡಸು. ಅಲ್ಲಿನ ಶುದ್ಧೀಕರಣ ಸ್ಥಾವರದಲ್ಲಿ ಗಡಸುತನವನ್ನು ಇಳಿಸಲು ಸುಣ್ಣವನ್ನೇ ಬಳಸುತ್ತಿದ್ದರು! ಅಬರ್ಡೀನಿನ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ 1841ರಲ್ಲಿ ಹಕ್ಕುಪತ್ರ ಪಡೆದ, ಸುಣ್ಣ ಹಾಕಿ ಸುಣ್ಣ ತೆಗೆಯುವ ವಿಧಾನವನ್ನು ನೀವೆಲ್ಲ ಎರಡು ಅಂಕದ ಪ್ರಶ್ನೆಗೆ ಬರೆದವರೇ. ಆದರೆ ನದಿಯ ನೀರಿನಲ್ಲಿ ಕ್ಲೋರೈಡು ಹೆಚ್ಚಾಗಿತ್ತು. ಕೆಸರು ಇಳಿಸಲು ಹಾಕಿದ ಫೆರಿಕ್ ಕ್ಲೋರೈಡಿನಿಂದ ಇನ್ನಷ್ಟು ಹೆಚ್ಚಾಯಿತು. ಡೆಟ್ರಾಯಿಟಿನ ನೀರಿಗಿಂತ ಅದರಲ್ಲಿ ಸುಮಾರು ಎಂಟು ಪಟ್ಟು ಕ್ಲೋರೈಡ್ ಇದ್ದಿತು. ಕಾಯುವ ಫಾಸ್ಫೇಟು ಇಲ್ಲ, ಕೆಡಿಸುವ ಕ್ಲೋರೈಡು ಹೇರಳ. ಹಳೆಯ ಪದರಗಳು ಕಳಚಿ ಸೀಸವು ನೀರಿಗೆ ಬಂದಿತು. ಸುಣ್ಣವೊಂದೇ ಸರ್ವರೋಗಕ್ಕೂ ಮದ್ದಲ್ಲ. ಪ್ರತಿಯೊಂದು ನೀರಿನ ಹಸಿವೆಯೂ ಬೇರೆ, ಅದನ್ನು ಅಳೆದೇ ತಿಳಿಯಬೇಕು.

2014ರ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿ, ಈ ನೀರು ಎಂಜಿನ್ನಿನ ಭಾಗಗಳನ್ನು ಕೆಡಿಸುತ್ತಿದೆಯೆಂದು, ತನ್ನ ಕಾರ್ಖಾನೆಗೆ ಅದನ್ನು ಬಳಸುವುದನ್ನು ನಿಲ್ಲಿಸಿತು. ಮನುಷ್ಯರು ಮಾತ್ರ ಇನ್ನೂ ಒಂದು ವರ್ಷ ಕುಡಿದರು. ಲೀ ಆ್ಯನ್ ವಾಲ್ಟರ್ಸ್ ಎಂಬ ತಾಯಿ ಮಕ್ಕಳ ಮೈಮೇಲಿನ ದದ್ದುಗಳನ್ನು ಕಂಡು ಬಿಡದೆ ಪ್ರಶ್ನಿಸಿದಳು. 2015ರ ಫೆಬ್ರವರಿಯಲ್ಲಿ ಆಕೆಯ ಮನೆಯ ನೀರಿನಲ್ಲಿ ಶತಕೋಟಿಗೆ 104 ಭಾಗದಷ್ಟು ಸೀಸ ಕಂಡುಬಂದಿತು. ಅಲ್ಲಿನ ನಿಯಮದಂತೆ 15 ದಾಟಿದರೆ ಕ್ರಮ ಕೈಗೊಳ್ಳಬೇಕಾಗಿತ್ತು. ವರ್ಜೀನಿಯಾ ಟೆಕ್ಕಿನ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ವಿದ್ಯಾರ್ಥಿಗಳೊಡನೆ ಬಂದು ಮನೆಮನೆಯ ನೀರನ್ನು ಪರೀಕ್ಷಿಸಿದರು. ಮಕ್ಕಳ ವೈದ್ಯೆ ಮೋನಾ ಹನ್ನಾ ಅಟ್ಟೀಶಾ, ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಸೀಸ ಹೆಚ್ಚಿರುವವರ ಪ್ರಮಾಣ ನೂರಕ್ಕೆ 2.4ರಿಂದ 4.9ಕ್ಕೆ ಏರಿದೆಯೆಂದು ತೋರಿಸಿದರು. ಮೊದಲು ಅಧಿಕಾರಿಗಳು ಆಕೆಯನ್ನೇ ತಪ್ಪೆಂದರು, ಬಳಿಕ ಒಪ್ಪಿಕೊಂಡರು. 2015ರ ಅಕ್ಟೋಬರ್ 16ರಂದು ಹಳೆಯ ನೀರು ಮರಳಿ ಬಂದಿತು. ಡಿಸೆಂಬರಿನಿಂದ ಹೆಚ್ಚುವರಿ ಫಾಸ್ಫೇಟನ್ನು ಬೆರೆಸಿದರು. ಅದು ಅಪಟೈಟ್ ಮುಂತಾದ ಖನಿಜಗಳಿರುವ ಫಾಸ್ಫೇಟ್ ಶಿಲೆಯಿಂದ ತೆಗೆಯುವ ವಸ್ತು; ನಮ್ಮ ರಾಜಸ್ಥಾನದ ಝಾಮರ್‌ಕೋಟ್ರಾದಲ್ಲಿ ಅಂಥ ಶಿಲೆಯ ಗಣಿಯಿದೆ. ಕ್ರಿಸ್ಟಿಸನ್ ಅದರ ಗುಣವನ್ನು 1829ರಲ್ಲಿಯೇ ಬರೆದಿಟ್ಟಿದ್ದ. 2025ರ ವೇಳೆಗೆ ಸುಮಾರು 11,000 ಸೀಸದ ಕೊಳವೆಗಳನ್ನು ಅಗೆದು ಬದಲಾಯಿಸಿದ್ದಾರೆ. ಮಕ್ಕಳ ಮಿದುಳಿಗೆ ಸೇರಿದ ಸೀಸವನ್ನು ಅಗೆದು ತೆಗೆಯುವ ಉಪಾಯವಿಲ್ಲ.

ಇಷ್ಟನ್ನೂ ಓದಿ ‘ನಮ್ಮೂರಿಗೂ ಇದಕ್ಕೂ ಏನು ಸಂಬಂಧ?’ ಎಂದು ಕೇಳುವಿರಾದರೆ, ಸಂತೋಷ. ಈ ಸಲ ಕೂರಿಸುವುದಿಲ್ಲ. ನಮ್ಮಲ್ಲಿ ಸೀಸದ ಕೊಳವೆಗಿಂತ ಕಬ್ಬಿಣ ಮತ್ತು ಪಿ.ವಿ.ಸಿ. ಕೊಳವೆಗಳೇ ಹೆಚ್ಚು. ಆದರೆ ಪಿ.ವಿ.ಸಿ. ಗಟ್ಟಿಯಾಗಿರಲು ಸೀಸದ ಸಂಯುಕ್ತಗಳನ್ನು ಬೆರೆಸುವ ಪದ್ಧತಿಯಿತ್ತು. ಅದನ್ನು ತಡೆಯುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಹಿತ್ತಾಳೆಯ ನಲ್ಲಿಗಳಲ್ಲಿಯೂ ಸ್ವಲ್ಪ ಸೀಸವಿರುತ್ತದೆ. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ; ಮರುವರ್ಷ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಪಿ.ಹೆಚ್. 6.5ರಿಂದ 8.5ರ ನಡುವೆ ಇರಬೇಕು. ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಮಲೆನಾಡಿನ, ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ಪಿ.ಹೆಚ್. ಇದಕ್ಕಿಂತ ಕೆಳಗಿರುವುದು ಅಪರೂಪವಲ್ಲ. ಬಯಲುಸೀಮೆಯ ಬಂಧುಗಳ ಮನೆಯಲ್ಲೀಗ ಆರ್.ಓ. ಯಂತ್ರ ಬಂದಿದೆ. ಗಡಸು ನೀರಿನಿಂದ ಬೇಸತ್ತವರಿಗೆ ಅದು ವರ. ಆದರೆ ಲವಣ ಕಳೆದುಕೊಂಡ ಆ ನೀರೂ ಹಸಿದ ನೀರೇ.

ಆದ್ದರಿಂದ ನಾಲ್ಕು ಮಾತು. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರನ್ನು ಬೆಳಗ್ಗೆ ಮೊದಲು ಗಿಡಕ್ಕೆ ಬಿಡಿ, ಬಳಿಕ ಕುಡಿಯಲು ಹಿಡಿಯಿರಿ. ಅಡುಗೆಗೆ ತಣ್ಣೀರನ್ನೇ ಹಿಡಿದು ಕಾಯಿಸಿ. ಬಿಸಿನೀರು ಲೋಹವನ್ನು ಹೆಚ್ಚು ಕರಗಿಸುತ್ತದೆ. ನಲ್ಲಿಯ ಕೆಳಗೆ ನೀಲಿಹಸಿರು ಕಲೆ ಕಂಡರೆ ತಿಕ್ಕಿ ಸುಮ್ಮನಾಗದೆ ನೀರನ್ನು ಪರೀಕ್ಷೆ ಮಾಡಿಸಿ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಸೀಸ ಹೋಗುವುದಿಲ್ಲ. ಇದನ್ನು ಓದಿ ಯಾರೂ ಮನೆಯ ಬಾವಿಗೆ ಅಳತೆಯಿಲ್ಲದೆ ಸುಣ್ಣ ಸುರಿಯಲು ಹೋಗಬೇಡಿ.

ನಾನು 2018ರಲ್ಲಿ ನಿವೃತ್ತನಾದೆ. ಕೊನೆಯ ವರ್ಷ ಅದೇ ಪಾಠ ಬಂದಾಗ, ಸಾಬೂನಿನ ಪ್ರಯೋಗ ಮಾಡಿ, ಅದೇ ವಾಕ್ಯ ಬರೆದು, ಗೆರೆ ಎಳೆಯದೆ ನಿಂತೆ. ಬಳಿಕ ಕೆಳಗೆ ಬರೆದೆ: ‘ಹಾಗಾದರೆ ಮೆದು ನೀರಿನಲ್ಲಿ ಹಂಡೆಯನ್ನು ಕಾಯುವವರು ಯಾರು?’ ಇದನ್ನು ಕೇಳಿದವನು ಈ ಶಾಲೆಯಲ್ಲಿಯೇ ಓದಿದ ನಿಮ್ಮ ಅಣ್ಣನೊಬ್ಬ ಎಂದೆ. ಆ ದಿನ ಯಾರೂ ನಗಲಿಲ್ಲ.

ಅವನು ಕಳೆದ ವರ್ಷ ಊರಿಗೆ ಬಂದಾಗ ಮನೆಗೂ ಬಂದಿದ್ದ. ಕುಡಿಯಲು ನೀರು ಕೊಟ್ಟೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ತಿಳಿಯಾಗಿದೆ ಸಾರ್” ಎಂದ. “ತಿಳಿಯಾಗಿರುವುದು ಸಾಲದಪ್ಪ” ಎಂದೆ. ಇಬ್ಬರೂ ನಕ್ಕೆವು.

ನಿಮ್ಮ ಪ್ರಶ್ನೆಗಳೇನಾದರೂ ನನ್ನ ತರಗತಿಯಲ್ಲಿ ಹಾಗೆಯೇ ಕುಳಿತುಬಿಟ್ಟಿದ್ದರೆ, ಬರೆದು ಕಳುಹಿಸಿ. ಉತ್ತರ ಗೊತ್ತಿಲ್ಲದಿದ್ದರೆ ಒಟ್ಟಿಗೆ ಹುಡುಕೋಣ. ಎಲ್ಲರಿಗೂ ಶುಭವಾಗಲಿ.